ಸುಬೇದಾರ್ ಮಾವನಿಗೆ ಆ ಮೂರು ಪ್ರಶ್ನೆ ಕೇಳೋರು ಯಾರು?

ಅಮೆರಿಕದಲ್ಲಿ ಮಾಜಿ ಸೈನಿಕರಿಗೆ ಎಲ್ಲ ಸುಖವಾಗಿದೆ, ನಮ್ಮಲ್ಲಿ ಏನೂ ಇಲ್ಲ ಅಂತ ಹೇಳೋಕೆ ಇದನ್ನು ಬರೆಯುತ್ತಿಲ್ಲ. ನಾನಿರುವ ಸ್ಯಾನ್ ಡಿಯಾಗೊ ನೌಕಾಪಡೆಯ ಊರು. ಆಫೀಸಿನಲ್ಲಿ, ಪಕ್ಕದ ಮನೆಯಲ್ಲಿ, ಎಲ್ಲೆಲ್ಲೂ ಪಡೆ ಬಿಟ್ಟು ಬಂದವರೇ. ಅವರು ತಮ್ಮ ಸರ್ಕಾರವನ್ನು ಬೈಯೋದನ್ನು ಬೇಕಾದಷ್ಟು ಕೇಳಿದ್ದೇನೆ. 2014ರಲ್ಲಿ ಫೀನಿಕ್ಸ್‌ನ ವೆಟರನ್ಸ್ ಆಸ್ಪತ್ರೆಯಲ್ಲಿ, ಅಂದರೆ ಮಾಜಿ ಸೈನಿಕರ ಸರ್ಕಾರಿ ಆಸ್ಪತ್ರೆಯಲ್ಲಿ, ಕಾಯುವವರ ಪಟ್ಟಿಯನ್ನೇ ಮುಚ್ಚಿಟ್ಟಿದ್ದು ಬಯಲಾಗಿ ದೊಡ್ಡ ಗಲಾಟೆಯಾಯಿತು. ಇಷ್ಟೊಂದು ದುಡ್ಡು ಸುರಿದರೂ ಇಲ್ಲಿ ವರ್ಷಕ್ಕೆ 6 ಸಾವಿರಕ್ಕೂ ಹೆಚ್ಚು ಮಾಜಿ ಸೈನಿಕರು ಜೀವ ಕಳೆದುಕೊಳ್ಳುತ್ತಾರೆ, ತಮ್ಮ ಕೈಯಾರೆ. ಆದರೂ ಒಂದು ಕೆಲಸವನ್ನು ಇವರು ನೆಟ್ಟಗೆ ಮಾಡುತ್ತಾರೆ. ಕುಡಿತದ ಬಗ್ಗೆ ಬಾಯಿಬಿಟ್ಟು ಕೇಳುತ್ತಾರೆ.

ವೆಟರನ್ಸ್ ಆಸ್ಪತ್ರೆಗೆ ಮಂಡಿನೋವು ಅಂತಲೇ ಹೋಗಿರಿ, ನರ್ಸ್ ಬಿಪಿ ನೋಡಿದಷ್ಟೇ ಸಲೀಸಾಗಿ ವರ್ಷಕ್ಕೊಮ್ಮೆ ಮೂರು ಪ್ರಶ್ನೆ ಕೇಳುತ್ತಾರೆ. ಎಷ್ಟು ದಿನಕ್ಕೊಮ್ಮೆ ಕುಡಿಯುತ್ತೀರಿ, ಕೂತಾಗ ಎಷ್ಟು ಕುಡಿಯುತ್ತೀರಿ, ಒಂದೇ ಸಲಕ್ಕೆ ಆರು ಅಥವಾ ಅದಕ್ಕಿಂತ ಜಾಸ್ತಿ ಪೆಗ್ ಎಷ್ಟು ಸಲ ಆಗುತ್ತೆ. ಕೆಟ್ಟ ಕನಸು ಬೀಳುತ್ತಾ, ಸಣ್ಣ ಸದ್ದಿಗೂ ಬೆಚ್ಚುತ್ತೀರಾ ಅಂತಲೂ ಆಗಾಗ ಕೇಳುವುದುಂಟು. ಅಡುಗೆ ಮಾಡುತ್ತಿದ್ದವನಿಗೂ ಅದೇ ಪ್ರಶ್ನೆ, ಕ್ಯಾಪ್ಟನ್‌ಗೂ ಅದೇ. ಎಲ್ಲರನ್ನೂ ಕೇಳುವುದರಿಂದ ಯಾರಿಗೂ ಅವಮಾನ ಅನಿಸಲ್ಲ. ವಿಷಯ ಎತ್ತುವ ಭಾರ ಸೈನಿಕನ ಮೇಲೆ ಬೀಳಲ್ಲ ನೋಡಿ, ಇಡೀ ವ್ಯವಸ್ಥೆಯಲ್ಲಿ ನನಗೆ ಹಿಡಿಸಿದ್ದು ಅದೇ.

ಈಗ ಬೆಂಗಳೂರಿಗೆ ಬನ್ನಿ. ವಿದ್ಯಾರಣ್ಯಪುರದಲ್ಲಿ ನನ್ನ ಮಾವ ಇದ್ದಾರೆ, ರಿಟೈರ್ಡ್ ಸುಬೇದಾರ್. ಬಿಪಿ, ಶುಗರ್, ಮಂಡಿ ಅಂತ ವರ್ಷಗಳಿಂದ ಡಾಕ್ಟರ ಹತ್ತಿರ ಹೋಗಿಬರುತ್ತಾರೆ. ಕುಡಿತದ ಮಾತು ಒಮ್ಮೆಯೂ ಬಂದಿಲ್ಲ. ಅವರಾಗಿ ಹೇಳುವುದಂತೂ ಕನಸಿನ ಮಾತು. ಸೇನೆಯಲ್ಲಿ ಆರೋಗ್ಯ ಅಳೆಯೋಕೆ 'ಶೇಪ್' ಅಂತ ಒಂದು ಲೆಕ್ಕ ಇದೆ, ಅದರ ಮೊದಲ ಅಕ್ಷರ 'ಎಸ್' ಮನಸ್ಸಿನದ್ದು. ಅದರಲ್ಲಿ ಕೆಳಗಿಳಿದರೆ ಬಡ್ತಿ, ಪೋಸ್ಟಿಂಗ್ ಎಲ್ಲಕ್ಕೂ ಕುತ್ತು. 'ಕ್ಯಾಟಗರಿ ಮಾಡಿಬಿಡ್ತಾರೆ', ಅಂದರೆ ಆರೋಗ್ಯದ ಕೆಳದರ್ಜೆಗೆ ಹಾಕಿಬಿಡ್ತಾರೆ ಅನ್ನೋ ಭಯದಲ್ಲೇ ಇಪ್ಪತ್ತು ಚಿಲ್ಲರೆ ವರ್ಷ ಬಾಯಿ ಮುಚ್ಚಿಕೊಂಡವರು, ಪೆನ್ಷನ್ ಕೈಗೆ ಬಂದ ಮಾತ್ರಕ್ಕೆ ಬಾಯಿ ಬಿಡುತ್ತಾರಾ?

ಜವಾನರು ಮನೆಗೆ ಬರುವಾಗ ಹಲವರಿಗೆ ನಲವತ್ತೂ ತುಂಬಿರಲ್ಲ. ಆಮೇಲೆ ಸೆಕ್ಯುರಿಟಿ ಕೆಲಸ, ಅಪಾರ್ಟ್‌ಮೆಂಟಿನಲ್ಲೋ ಬ್ಯಾಂಕಿನಲ್ಲೋ. ಕೆಲವರು ಬೇಕಂತಲೇ ನೈಟ್ ಶಿಫ್ಟ್ ಕೇಳಿ ತಗೋತಾರೆ. ನಾವು ನಿಯತ್ತಿನ ಮನುಷ್ಯ ಅಂತ ಮೆಚ್ಚುತ್ತೇವೆ. ರಾತ್ರಿ ಹೇಗೂ ನಿದ್ದೆ ಬರಲ್ಲ ಅಂತ ತಗೊಂಡಿದ್ದಾರಾ ಅಂತ ಯಾರೂ ಯೋಚಿಸಲ್ಲ. ಬೆಳಗ್ಗೆ ಮನೆಗೆ ಬಂದು ಎರಡು ಪೆಗ್ ಹಾಕಿ ಮಲಗಿದರೆ ಆಯಿತು, ಕಾಯಿಲೆ ಡ್ಯೂಟಿಯ ಹಿಂದೆ ಅಡಗಿ ಕೂತುಬಿಡುತ್ತೆ.

ಇನ್ನು ಕ್ಯಾಂಟೀನ್ ಕೋಟಾ. ತಿಂಗಳಿಗಿಷ್ಟು ಬಾಟಲಿ, ಹೊರಗಿಗಿಂತ ಕಡಿಮೆ ಬೆಲೆಗೆ. ಇದನ್ನು ನಿಲ್ಲಿಸಿ ಅಂತ ನಾನು ಹೇಳಲ್ಲ, ಕುಡಿಯದೆ ಇರೋರೂ ಬೇಕಾದಷ್ಟು ಜನ ಇದ್ದಾರೆ. ಆದರೆ ಮದುವೆ, ಗೃಹಪ್ರವೇಶ ಬಂದರೆ 'ಮಾವ, ಎರಡು ರಮ್ ಇದ್ಯಾ?' ಅಂತ ಮೊದಲು ಫೋನ್ ಮಾಡೋರು ನಾವೇ ಅಲ್ವಾ? ಅದೇ ಮನುಷ್ಯನ ಕೈ ನಡುಗೋಕೆ ಶುರುವಾದಾಗ 'ಕುಡುಕ' ಅನ್ನೋರೂ ನಾವೇ.

ಆಮೇಲೆ ಮನೆಮದ್ದು ಶುರು. ಮಾಲೆ ಹಾಕಿಸಿ, ಸರಿ ಹೋಗ್ತಾರೆ ಅಂತಾರೆ. ದಿನಾ ಜಾಸ್ತಿ ಕುಡಿಯುತ್ತಿದ್ದವರು ಒಂದೇ ಏಟಿಗೆ ಬಿಟ್ಟರೆ ಎರಡು ಮೂರು ದಿನದಲ್ಲಿ ಫಿಟ್ಸ್ ಬರಬಹುದು, ಇಲ್ಲದ್ದು ಕಾಣಿಸಬಹುದು, ಪ್ರಾಣವೂ ಹೋಗಬಹುದು. ಬಿಡಿಸೋದು ಡಾಕ್ಟರ ಕಣ್ಣೆದುರಿಗೇ ಆಗಬೇಕು. ಕುಡಿತ ಬಿಡಿಸೋಕೆ ಕೊಡುವ ಡೈಸಲ್ಫಿರಾಮ್ ಮಾತ್ರೆ ಪುಡಿ ಮಾಡಿ ಗೊತ್ತಾಗದ ಹಾಗೆ ಸಾರಿಗೆ ಬೆರೆಸೋದಂತೂ ಇನ್ನೂ ಅಪಾಯ. ಅದರ ಮೇಲೆ ಕುಡಿದರೆ ಬಿಪಿ ಬಿದ್ದುಹೋಗಿ ಜೀವಕ್ಕೇ ಕುತ್ತು ಬರಬಹುದು.

ಅಮೆರಿಕದ ಕಾನೂನೂ ಮಾಜಿ ಸೈನಿಕರಿಗೆ ಬರೀ ಕುಡಿತಕ್ಕೆ ಅಂತ ಪರಿಹಾರಧನ ಕೊಡಲ್ಲ, 1990ರಲ್ಲೇ ಅದನ್ನು ನಿಲ್ಲಿಸಿದರು. ಆದರೆ 2001ರಲ್ಲಿ ಇಲ್ಲಿನ ಒಂದು ಮೇಲ್ಮನವಿ ನ್ಯಾಯಾಲಯ, ಯುದ್ಧದ ಆಘಾತದಿಂದಲೇ ಕುಡಿತ ಅಂಟಿಕೊಂಡಿದ್ದರೆ ಅದನ್ನೂ ಲೆಕ್ಕಕ್ಕೆ ತಗೋಬೇಕು ಅಂದಿತು. ನಮ್ಮ ಮನೆಗಳಲ್ಲಿ ಈ ನಂಟನ್ನು ಯಾರೂ ಹುಡುಕಲ್ಲ. ಕುಡಿತ ಅಂದರೆ ನಡತೆ ಸರಿಯಿಲ್ಲ, ಅಷ್ಟೇ.

ಒಂದು ವಿಷಯದಲ್ಲಿ ಬೆಂಗಳೂರೇ ಮೇಲು. ಇಲ್ಲಿ ಅಮೆರಿಕದಲ್ಲಿ ಎಷ್ಟೋ ಜನ ಮಾಜಿ ಸೈನಿಕರಿಗೆ ಆಸ್ಪತ್ರೆಗೆ ಜೊತೆಗೆ ಬರೋರೇ ಇಲ್ಲ. ಅಲ್ಲಿ ಹೊಸೂರು ರಸ್ತೆಯ ನಿಮ್ಹಾನ್ಸ್‌ನಲ್ಲಿ ಹೆಂಡತಿ, ತಮ್ಮ, ಭಾವ ಎಲ್ಲರೂ ಟಿಫಿನ್ ಡಬ್ಬಿ ಸಮೇತ ಕೂತಿರುತ್ತಾರೆ. ವ್ಯಸನಕ್ಕೆ ಅಂತಲೇ ಅಲ್ಲಿ ಬೇರೆ ವಿಭಾಗ ಇದೆ, ದೇಶದ ಮೂಲೆಮೂಲೆಯಿಂದ ಜನ ಬರುತ್ತಾರೆ. ನಾವು ಊರಲ್ಲಿದ್ದುಕೊಂಡು 'ನಿಮ್ಹಾನ್ಸ್‌ಗೆ ಸೇರಿಸ್ಬೇಕು ನಿನ್ನ' ಅಂತ ಬೈಗುಳ ಮಾಡಿಕೊಂಡಿದ್ದೇವೆ.

ಹೊಸದಾಗಿ ಏನೂ ಕಟ್ಟಬೇಕಿಲ್ಲ. 2003ರಿಂದ ಮಾಜಿ ಸೈನಿಕರ ಆರೋಗ್ಯ ಯೋಜನೆ ಇಸಿಎಚ್‌ಎಸ್ ಇದೆ, ಪಾಲಿಕ್ಲಿನಿಕ್‌ಗಳಿವೆ, ಕಾರ್ಡ್ ಇದೆ. ಬಿಪಿ ನೋಡುವ ಕಡೆಯೆಲ್ಲ ಎಲ್ಲರಿಗೂ ತಪ್ಪದೆ ಆ ಮೂರು ಪ್ರಶ್ನೆ ಕೇಳಲಿ. ಜೊತೆಗೆ ಕುಡಿತ ಬಿಟ್ಟ ಹವಾಲ್ದಾರರೊಬ್ಬರನ್ನು ಸಂಬಳ ಕೊಟ್ಟು ಕೂರಿಸಲಿ. ಇಲ್ಲಿ ಅಮೆರಿಕದಲ್ಲಿ 1979ರಿಂದ ವೆಟ್ ಸೆಂಟರ್ ಅಂತ ಮಾಜಿ ಸೈನಿಕರ ಆಪ್ತ ಸಮಾಲೋಚನೆ ಕೇಂದ್ರಗಳು ಆಸ್ಪತ್ರೆಯಿಂದ ಬೇರೆಯಾಗಿ ನಡೆಯುತ್ತಿವೆ, ಮಾತಾಡಿಸೋರಲ್ಲಿ ಬಹಳಷ್ಟು ಜನ ತಾವೇ ಮಾಜಿ ಸೈನಿಕರು. ಒಪ್ಪಿಗೆ ಇಲ್ಲದೆ ಅಲ್ಲಿನ ಫೈಲ್ ಬೇರೆಯವರ ಕೈಗೆ ಹೋಗಲ್ಲ. ಮಾವನಂಥವರು ಬಾಯಿ ಬಿಟ್ಟರೆ ಅಂಥ ಕಡೆಯೇ.

ನನಗೆ ಜಾಸ್ತಿ ಚಿಂತೆ ಅಗ್ನಿವೀರರದ್ದು. 4 ವರ್ಷ ಮುಗಿಸಿ ಮುಕ್ಕಾಲು ಪಾಲು ಹುಡುಗರು ಹೊರಗೆ ಬರುತ್ತಾರೆ, ಪೆನ್ಷನ್ ಇಲ್ಲ, ಇಸಿಎಚ್‌ಎಸ್ ಕಾರ್ಡೂ ಇಲ್ಲ. ಸೇನೆಯವರಿಗಾಗಿ 2023ರ ಡಿಸೆಂಬರ್‌ನಲ್ಲಿ ಪುಣೆಯಲ್ಲಿ ಟೆಲಿ ಮಾನಸ್ ಅನ್ನೋ ಮನಸ್ಸಿನ ಆರೋಗ್ಯದ ಸರ್ಕಾರಿ ಸಹಾಯವಾಣಿಯ ಘಟಕ ಶುರುವಾಗಿದೆ, ಒಳ್ಳೆಯದೇ. ಮನೆಗೆ ಬಂದ ಮೇಲೆ ಈ ಹುಡುಗರಿಗೆ ಉಳಿಯೋದು ಎಲ್ಲರಿಗೂ ಇರುವ ಅದೇ ಟೆಲಿ ಮಾನಸ್ ನಂಬರ್ 14416. ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತಾಡಬಹುದು. ನಿಮ್ಮ ಮನೆಯಲ್ಲಿ ಅಂಥ ಹುಡುಗ ಇದ್ದರೆ ನಂಬರ್ ಕೊಟ್ಟು ಸುಮ್ಮನಾಗಬೇಡಿ, ಮೊದಲ ಸಲ ನೀವೇ ಡಯಲ್ ಮಾಡಿ ಫೋನನ್ನು ಅವನ ಕೈಗೆ ಕೊಡಿ.