ಸಕ್ಕರೆ ಅಲ್ಲಿದೆ

"ಬಿಸಿಯೋ, ತಣ್ಣಗಿನದೋ?" ಎಂದು ಹುಡುಗ ಇಂಗ್ಲಿಷಿನಲ್ಲಿ ಕೇಳಿದ. ಕಾಫಿ ಎಂದ ಮೇಲೆ ಬಿಸಿಯೇ ಅಲ್ಲವೇ ಎಂದೆ. ಸಣ್ಣದೋ, ದೊಡ್ಡದೋ? ಹಾಲು ಯಾವುದು? ಇಲ್ಲೇ ಕುಡಿಯುವುದೋ, ಒಯ್ಯುವುದೋ? ಹೆಸರು? ಮೊಬೈಲ್ ನಂಬರ್? ಜನಗಣತಿಯವರೂ ನನ್ನನ್ನು ಇಷ್ಟು ವಿಚಾರಿಸಿದ್ದಿಲ್ಲ. ಅವನ ಕಣ್ಣು ಒಮ್ಮೆಯೂ ಪರದೆಯಿಂದ ಮೇಲೆದ್ದಿರಲಿಲ್ಲ. ಕೊನೆಗೆ ಕಾಗದದ ಲೋಟವನ್ನು ನನ್ನತ್ತ ನೂಕಿ, ಮೂಲೆಯ ಕಡೆ ಬೆರಳು ತೋರಿಸಿ, "ಸಕ್ಕರೆ ಅಲ್ಲಿದೆ" ಎಂದ.

ಕಾಸರಗೋಡಿನ ಹೆದ್ದಾರಿ ಬದಿಯಲ್ಲಿ ಹೊಸದಾಗಿ ತೆರೆದ, ಊರೂರಿಗೆ ಶಾಖೆಯಿರುವ ಕಾಫಿ ಅಂಗಡಿ ಅದು. ಸಕ್ಕರೆಯ ಪೊಟ್ಟಣ ಹರಿಯುತ್ತಾ ನನಗೆ ಹಳೆ ಬಸ್ ನಿಲ್ದಾಣದ ಬಳಿ ಹಿಂದೆ ಇದ್ದ ಹೋಟೆಲು ನೆನಪಾಯಿತು. ಅಲ್ಲಿನ ಸಪ್ಲಾಯರ್ ಇಂಥದ್ದೇನನ್ನೂ ಕೇಳುತ್ತಿರಲಿಲ್ಲ. ಒಳಗೆ ಬಂದವನ ಮುಂಡಿನ ಕಟ್ಟು, ಹೆಗಲ ಬೈರಾಸು, ಕೈಯಲ್ಲಿನ ಚೀಲ ಇಷ್ಟನ್ನು ನೋಡಿ, ಇವನಿಗೆ ತುಳುವೋ, ಮಲಯಾಳವೋ, ಕನ್ನಡವೋ, ಕೊಂಕಣಿಯೋ ಎಂದು ತೀರ್ಮಾನಿಸಿಬಿಡುತ್ತಿದ್ದ. ಹವ್ಯಕರಾದರೆ ಅವರದೇ ಮಾತಿನಲ್ಲಿ "ಆಸರಿಂಗೆ ಎಂತ ಅಕ್ಕು?" ಎನ್ನುತ್ತಿದ್ದ, ಕುಡಿಯಲು ಏನಾಗಬೇಕೆಂದು. ತಪ್ಪಿದ್ದು ನಾನು ಕಂಡಿಲ್ಲ. ಹಾಗೆಂದು ಅವನೇನೂ ದೇವದೂತನಲ್ಲ. ನಾಲ್ಕು ಲೋಟ ನೀರು ತರುವಾಗ ನಾಲ್ಕರಲ್ಲೂ ಅವನ ಬೆರಳು ಮುಳುಗಿರುತ್ತಿತ್ತು.

ಒಳಗೆ ಹಿತ್ತಾಳೆಯ ಫಿಲ್ಟರ್. ಮೇಲಿನ ಪಾತ್ರೆಯ ಪುಡಿಯನ್ನು ಎಷ್ಟು ಒತ್ತಬೇಕೆನ್ನುವುದೇ ಅಡುಗೆ ಭಟ್ಟರ ವಿದ್ಯೆ. ಹೆಚ್ಚು ಒತ್ತಿದರೆ ನೀರು ಇಳಿಯದೆ ನಿಲ್ಲುತ್ತದೆ, ಕಡಿಮೆಯಾದರೆ ಸರಕ್ಕನೆ ಇಳಿದು ಕಂದು ನೀರಾಗುತ್ತದೆ. ಮಳೆಗಾಲದಲ್ಲಿ ಪುಡಿ ತೇವ ಹೀರುವುದರಿಂದ ಅವರ ಕೈಯೂ ಬದಲಾಗುತ್ತಿತ್ತು. ಮೊದಲ ಡಿಕಾಕ್ಷನ್ ಯಾರಿಗೆ, ಎರಡನೆಯದು ಯಾರಿಗೆ ಎಂಬ ರಾಜಕೀಯ ಬೇರೆ.

ಎಸ್ಪ್ರೆಸ್ಸೋ ಯಂತ್ರಕ್ಕೂ ಮೂಲತಃ ಇಂಥದೇ ಕೈ ಬೇಕು. ಪುಡಿಯ ನುಣುಪು, ಒತ್ತುವ ಬಲ, ಇಪ್ಪತ್ತೈದು ಮೂವತ್ತು ಸೆಕೆಂಡಿನ ಇಳಿತ. ಆ ಕೆಲಸವನ್ನೆಲ್ಲ ಗುಂಡಿಗೆ ಒಪ್ಪಿಸಿದ ಮೇಲೆ ಕೆಟ್ಟದ್ದೇನೆಂದು ಗೊಣಗಿದವರಲ್ಲಿ ಆ ವ್ಯಾಪಾರದ ದೊಡ್ಡಣ್ಣನೇ ಒಬ್ಬ. ಸ್ಟಾರ್‌ಬಕ್ಸಿನ ಹೊವರ್ಡ್ ಶುಲ್ಟ್ಸ್ 2007ರಲ್ಲಿ ತನ್ನ ಅಧಿಕಾರಿಗಳಿಗೆ ಬರೆದ ಪತ್ರದಲ್ಲಿ, ಸ್ವಯಂಚಾಲಿತ ಯಂತ್ರಗಳಿಂದ ವೇಗ ಬಂತು, ಆದರೆ ಅವುಗಳ ಎತ್ತರದಿಂದಾಗಿ ಕಾಫಿ ಮಾಡುವುದೇ ಗಿರಾಕಿಗೆ ಕಾಣದಂತಾಯಿತು ಎಂದು ಹಲುಬಿದ್ದರು. ಮರುವರ್ಷದ ಫೆಬ್ರವರಿಯ ಒಂದು ಸಂಜೆ ಅಮೆರಿಕದ ಸುಮಾರು 7,100 ಅಂಗಡಿಗಳ ಬಾಗಿಲೆಳೆದು, ಕೆಲಸಗಾರರಿಗೆ ಎಸ್ಪ್ರೆಸ್ಸೋ ಮಾಡುವುದನ್ನು ಮತ್ತೆ ಕಲಿಸಿದರು. ನಮ್ಮ ಭಟ್ಟರು ಕೇಳಿದ್ದರೆ ನಗುತ್ತಿದ್ದರು.

ಕಾಫಿ ಕೊಡುವವನನ್ನೂ ಲೆಕ್ಕಕ್ಕೆ ಹಿಡಿದ ಅಂಗಡಿಗಳು ಇಲ್ಲದಿಲ್ಲ. 1950ರ ದಶಕದಲ್ಲಿ ಕಾಫಿ ಬೋರ್ಡು ತನ್ನ ಕಾಫಿ ಹೌಸುಗಳನ್ನು ಮುಚ್ಚಹೊರಟಾಗ, ಕೆಲಸ ಕಳೆದುಕೊಂಡವರನ್ನು ಸೇರಿಸಿ ಸಹಕಾರ ಸಂಘ ಕಟ್ಟಿಸಿದವರು ಕೇರಳದ ಕಮ್ಯುನಿಸ್ಟ್ ನಾಯಕ ಎ.ಕೆ. ಗೋಪಾಲನ್. 1957ರಲ್ಲಿ ಲೋಕಸಭೆಗೆ ಅವರನ್ನು ಕಳಿಸಿದ್ದು ನಮ್ಮ ಕಾಸರಗೋಡೇ. ಆ ಇಂಡಿಯನ್ ಕಾಫಿ ಹೌಸಿನಲ್ಲಿ ಬೀಸಣಿಗೆಯಂಥ ತುರಾಯಿಯ ಮುಂಡಾಸು ತೊಟ್ಟು ಲೋಟ ತಂದಿಡುವವನು ಕೂಲಿಯಾಳಲ್ಲ, ಸಂಘದ ಸದಸ್ಯ. ಅವನ ಗಾಂಭೀರ್ಯ ನೋಡಿದರೆ ನಾವೇ ಎದ್ದು ನಿಲ್ಲಬೇಕೆನ್ನಿಸುತ್ತದೆ.

ನಾನು ಹೀಗೆ ಯೋಚಿಸುತ್ತಿದ್ದಾಗ ಹೊರಗೆ ಮಳೆ ಹೊಡೆಯಿತು, ಕರೆಂಟು ಹೋಯಿತು. ಯಂತ್ರ ಒಮ್ಮೆ ಸುಯ್ಯೆಂದು ಸುಮ್ಮನಾಯಿತು. ಪರದೆ ಕಪ್ಪಾಯಿತು. ಹುಡುಗನಿಗೆ ಕೈಯಲ್ಲಿ ಮಾಡಲು ಕೆಲಸವೇ ಇಲ್ಲ. ಸ್ವಲ್ಪ ಹೊತ್ತು ಅತ್ತಿತ್ತ ನೋಡಿ, ಕೊನೆಗೆ ನನ್ನನ್ನು ನೋಡಿದ. ಹೆಗಲ ಬೈರಾಸು ಕಂಡಿತೋ ಏನೋ.

"ಈರೆನ ಊರು ಓಲು?" ಎಂದ, ತುಳುವಿನಲ್ಲಿ.

ಪೆರ್ಲ ಎಂದೆ. ತನ್ನ ಅತ್ತೆಯ ಮನೆ ಅಲ್ಲೇ, ಪೇಟೆಯಿಂದ ಸ್ವಲ್ಪ ಕೆಳಗೆ ಎಂದು ಕಣ್ಣರಳಿಸಿದ. ನಿನಗೆ ಯಾವ ಕಾಫಿ ಇಷ್ಟ ಎಂದು ಕೇಳಿದೆ. ತಾನು ಕಾಫಿ ಕುಡಿಯುವುದಿಲ್ಲ, ಚಹಾ ಮಾತ್ರ ಎಂದು ನಕ್ಕ. ಅತ್ತೆಯ ಮನೆಯ ಗುರುತು ಹೇಳುತ್ತಿದ್ದವನು ತೋಡಿನವರೆಗೆ ಬಂದಿದ್ದ. ಅಷ್ಟರಲ್ಲಿ ಕರೆಂಟು ಬಂತು. ಪರದೆ ಬೆಳಗಿತು, ಬಾಗಿಲಲ್ಲಿ ಛತ್ರಿ ಮಡಚುತ್ತಾ ಯಾರೋ ಒಳಗೆ ಬಂದರು.

"ಬಿಸಿಯೋ, ತಣ್ಣಗಿನದೋ?" ಎಂದ, ಇಂಗ್ಲಿಷಿನಲ್ಲಿ.