ಗ್ಲೌಸ್ ಆಮೇಲೆ, ಮೊದಲು ಈ ಉಪ್ಪು ಬೇಕಾ ಕೇಳಿ

ಬ್ಯಾಟರಿ ಪ್ರಾಜೆಕ್ಟ್ ಅಂದ ಕೂಡಲೇ ಈಗ ನಮ್ಮ ಉತ್ತರ ಕನ್ನಡದ ಎಂ.ಎಸ್ಸಿ. ಹುಡುಗರೂ ಲಿಥಿಯಂ ಹೆಕ್ಸಾಫ್ಲೋರೋಫಾಸ್ಫೇಟ್ ತರಿಸಬೇಕು ಅಂತಾರೆ. ಲ್ಯಾಬಿನವರ ಬಾಯಲ್ಲಿ ಅದು ಎಲ್‌ಐಪಿಎಫ್-ಸಿಕ್ಸ್. ನೋಡೋಕೆ ಬಿಳಿ ಪುಡಿ. ನಿಮ್ಮ ಮೊಬೈಲು, ಲ್ಯಾಪ್‌ಟಾಪು, ಎಲೆಕ್ಟ್ರಿಕ್ ಸ್ಕೂಟರಿನ ಬ್ಯಾಟರಿ ಒಳಗಿನ ದ್ರವದಲ್ಲಿ ಕರಗಿರುವ ಉಪ್ಪು ಹೆಚ್ಚಾಗಿ ಇದೇ. ಒಂದು ಲೀಟರ್ ದ್ರವಕ್ಕೆ ಸುಮಾರು 152 ಗ್ರಾಂ ಹಾಕಿದರೆ 1 ಮೋಲಾರ್ ಅನ್ನುವ ಸಾಂದ್ರತೆ, ಬ್ಯಾಟರಿಯವರು ಸಾಮಾನ್ಯವಾಗಿ ಬಳಸುವ ಹದ ಅದು. ನನ್ನೂರು ಅಂಕೋಲಾ, ಈಗ ಇರುವುದು ಜರ್ಮನಿಯ ಉಲ್ಮ್‌ನಲ್ಲಿ, ಕೆಲಸ ಇದೇ ಉಪ್ಪಿನ ಜೊತೆ. ಎರಡೂ ಕಡೆಯ ರೀತಿ ನೋಡಿದ ಮೇಲೆ ಒಂದು ಮಾತು ಹೇಳಲೇಬೇಕು ಅನ್ನಿಸಿದೆ.

ಅಕ್ಕನ ಮಗ ಜುಲೈನಲ್ಲಿ ಒಂದು ಫೋಟೊ ಕಳಿಸಿದ್ದ. "ಮಾವ, ನಮ್ಮ ಲ್ಯಾಬಿಗೂ ಬಂತು ನೋಡು!" ಟೇಬಲ್ ಮೇಲೆ ಬಾಟಲಿ, ಮುಚ್ಚಳ ತೆಗೆದು ಪಕ್ಕಕ್ಕಿಟ್ಟಿದ್ದಾರೆ. ತಕ್ಕಡಿಯ ಮೇಲೆ ಬಟರ್ ಪೇಪರ್, ಅದರ ಮೇಲೆ ಒಂದು ಚಮಚದಷ್ಟು ಪುಡಿ. ಕಿಟಕಿ ಅರ್ಧ ತೆರೆದಿದೆ, ಹೊರಗೆ ಜಡಿಮಳೆ. ನಾನು ಆ ಕ್ಷಣವೇ ಫೋನ್ ಮಾಡಿ ಮುಚ್ಚಳ ಹಾಕಿಸಿದೆ. ಅವನು ಹೇಳಿದ್ದು, "ಗ್ಲೌಸ್ ಹಾಕಿದ್ದೇನಲ್ಲ ಮಾವ."

ಆ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ, ಅಷ್ಟೇ.

ಪಸೆ ಅಂದರೆ ಏನು ಅಂತ ಕರಾವಳಿಯವರಿಗೆ ವಿವರಿಸಬೇಕಾಗಿಯೇ ಇಲ್ಲ. ಮಳೆಗಾಲದಲ್ಲಿ ಸಾಣಿಕಟ್ಟೆ ಉಪ್ಪು ಭರಣಿಯಲ್ಲೇ ನೀರೊಡೆಯುತ್ತದೆ, ಅಲ್ವಾ? ಈ ಉಪ್ಪೂ ಹಾಗೇ ಗಾಳಿಯ ಪಸೆ ಎಳೆದುಕೊಳ್ಳುತ್ತದೆ. ಆದರೆ ಅಡುಗೆ ಉಪ್ಪು ನೀರಾಗಿ ಸುಮ್ನಾಗುತ್ತದೆ, ಇದು ನೀರು ಸಿಕ್ಕರೆ ಒಡೆದು ಹೈಡ್ರೋಜನ್ ಫ್ಲೋರೈಡ್ ಬಿಡುತ್ತದೆ. ಲೆಕ್ಕ ಹಾಕಿದರೆ 1 ಗ್ರಾಂ ನೀರಿಗೆ 2 ಗ್ರಾಂಗಿಂತ ಜಾಸ್ತಿ, ಅದೂ ಮೊದಲ ಹಂತದಲ್ಲೇ. ಜೊತೆಗೆ ಹುಟ್ಟುವ ಫಾಸ್ಫೊರಿಲ್ ಫ್ಲೋರೈಡ್ ಕೂಡ ವಿಷದ ಗ್ಯಾಸು, ಅದಕ್ಕೂ ನೀರು ತಾಗಿದರೆ ಮತ್ತೆ ಅದೇ ಹೈಡ್ರೋಜನ್ ಫ್ಲೋರೈಡ್. ಇದನ್ನು ಒಳ್ಳೆಯ ಲ್ಯಾಬುಗಳಲ್ಲಿ ಆರ್ಗಾನ್ ಅನಿಲ ತುಂಬಿದ ಗ್ಲೋವ್ ಬಾಕ್ಸ್ (ಹೊರಗಿನಿಂದಲೇ ಗ್ಲೌಸಿನೊಳಗೆ ಕೈ ತೂರಿಸಿ ಕೆಲಸ ಮಾಡುವ ಮುಚ್ಚಿದ ಪೆಟ್ಟಿಗೆ) ಒಳಗೆ ಮಾತ್ರ ತೆರೆಯುತ್ತಾರೆ. ಅಲ್ಲಿ ನೀರಿನ ಅಂಶ ಹತ್ತು ಲಕ್ಷದಲ್ಲಿ ಒಂದು ಪಾಲಿಗಿಂತ ಕಡಿಮೆ ಇರುತ್ತದೆ. ಜುಲೈ ತಿಂಗಳ ಅಂಕೋಲಾ, ಕಾರವಾರದ ಗಾಳಿಯನ್ನು ಅದರ ಪಕ್ಕಕ್ಕಿಟ್ಟು ನೋಡಿ.

ಹೈಡ್ರೋಕ್ಲೋರಿಕ್ ಆಸಿಡ್ ಕೈಗೆ ಬಿದ್ದರೆ ಆಗಲೇ ಉರಿಯುತ್ತದೆ, ಕೈ ತಾನಾಗಿ ನಲ್ಲಿಗೆ ಓಡುತ್ತದೆ. ಹೈಡ್ರೋಜನ್ ಫ್ಲೋರೈಡ್ ನೀರಲ್ಲಿ ಕರಗಿದರೆ ಆಗುವ ಹೈಡ್ರೋಫ್ಲೋರಿಕ್ ಆಸಿಡ್ ಹಾಗಲ್ಲ. ಶೇ. 20ಕ್ಕಿಂತ ತೆಳು ಇದ್ದರೆ ನೋವು ಶುರುವಾಗೋಕೆ ಕೆಲವೊಮ್ಮೆ 24 ಗಂಟೆಯೇ ಹಿಡಿಯಬಹುದು. ಹುಡುಗ ಕೈ ಒರೆಸಿಕೊಂಡು ಬಸ್ ಹತ್ತಿ ಮನೆಗೆ ಹೋಗಿ ಊಟ ಮಾಡಿ ಮಲಗಿರುತ್ತಾನೆ, ಅಷ್ಟರಲ್ಲಿ ಅದು ಚರ್ಮ ದಾಟಿ ಒಳಗಿಳಿದು ಅಲ್ಲಿನ ಕ್ಯಾಲ್ಸಿಯಂ ಅನ್ನು ಹಿಡಿಯುತ್ತಾ ಹೋಗುತ್ತದೆ. ಮೂಳೆಯವರೆಗೂ ಇಳಿಯಬಹುದು. ತಾಗಿದ್ದು ಜಾಸ್ತಿಯಾಗಿ ರಕ್ತದ ಕ್ಯಾಲ್ಸಿಯಂ ಕುಸಿದರೆ ಹೃದಯದ ಬಡಿತವೇ ತಪ್ಪುತ್ತದೆ, ಜೀವ ಹೋಗಬಹುದು.

ಇನ್ನು ಎರಡು ಕಡೆಯ ರೀತಿ. ಜರ್ಮನಿಯಲ್ಲಿ ಮೊದಲ ಪ್ರಶ್ನೆ ಗ್ಲೌಸ್ ಬಗ್ಗೆ ಅಲ್ಲ. ಈ ವಸ್ತು ಬೇಕೇ ಬೇಕಾ, ಇದರ ಬದಲು ಕಡಿಮೆ ಅಪಾಯದ್ದು ಆಗುತ್ತದಾ, ಇದು ಮೊದಲು. ಆಗಲ್ಲ ಅಂತಾದರೆ ಗ್ಲೋವ್ ಬಾಕ್ಸ್, ವಿಷದ ಆವಿಯನ್ನು ಹೊರಗೆಳೆಯುವ ಫ್ಯೂಮ್ ಹುಡ್‌ನಂಥ ಸಲಕರಣೆ. ಆಮೇಲೆ ಯಾರು, ಯಾವಾಗ, ಹೇಗೆ ಅನ್ನುವ ವ್ಯವಸ್ಥೆ. ಗ್ಲೌಸು, ಕನ್ನಡಕ ಕಟ್ಟಕಡೆಗೆ. ಕಾನೂನೇ ಈ ಸಾಲು ಹಾಕಿಕೊಟ್ಟಿದೆ. ವರ್ಷಕ್ಕೆ ಒಮ್ಮೆಯಾದರೂ ಎಲ್ಲರನ್ನೂ ಕೂರಿಸಿ ಬಾಯಿಬಿಟ್ಟು ಹೇಳಬೇಕು, ಕೇಳಿದವರು ಸಹಿ ಹಾಕಬೇಕು. ಗೋಡೆ ಮೇಲೆ ಕಿತ್ತಳೆ ಅಂಚಿನ ಹಾಳೆ ಇರುತ್ತದೆ, ವಸ್ತು ಯಾವುದು, ಚೆಲ್ಲಿದರೆ ಏನು ಮಾಡಬೇಕು, ಮೈಗೆ ತಾಗಿದರೆ ಏನು, ಯಾರಿಗೆ ಫೋನ್ ಮಾಡಬೇಕು, ಎಲ್ಲ ಅದರಲ್ಲೇ. ನಮ್ಮಲ್ಲಿ ನಾವು ಕಡೆಯ ಮೆಟ್ಟಿಲಿಂದ ಶುರು ಮಾಡುತ್ತೇವೆ. ಗ್ಲೌಸ್ ಹಾಕಿಕೋ, ಹುಷಾರು ಮಾರಾಯ, ಮುಗೀತು.

"ಅವರ ಹತ್ರ ದುಡ್ಡಿದೆ" ಅಂತ ಊರಲ್ಲಿ ಒಬ್ಬರು ಮೇಷ್ಟ್ರು ಹೇಳಿದರು. ಗ್ಲೋವ್ ಬಾಕ್ಸಿಗೆ ಲಕ್ಷಗಟ್ಟಲೆ ಬೇಕು, ನಿಜ. ಆದರೆ ಮೊದಲ ಪ್ರಶ್ನೆ ಕೇಳೋಕೆ ಒಂದು ಪೈಸೆಯೂ ಬೇಡ. ಅಕ್ಕನ ಮಗನ ಪ್ರಾಜೆಕ್ಟು ಕಾರ್ಬನ್ ಎಲೆಕ್ಟ್ರೋಡಿನ ಸೂಪರ್ ಕೆಪ್ಯಾಸಿಟರ್, ಬ್ಯಾಟರಿಯ ಹಾಗೇ ವಿದ್ಯುತ್ ತುಂಬಿಟ್ಟುಕೊಳ್ಳುವ ಸಾಧನ. ಅದಕ್ಕೆ ನೀರಲ್ಲಿ ಕರಗಿಸಿದ ಸೋಡಿಯಂ ಸಲ್ಫೇಟ್ ಸಾಕಾಗಿತ್ತು. ವೋಲ್ಟೇಜ್ ಕಡಿಮೆ ಸಿಗುತ್ತದೆ, ಒಪ್ಪಿದೆ. ಆದರೆ ಅವನು ಕಲಿಯಬೇಕಾದ ಸೈಕ್ಲಿಕ್ ವೋಲ್ಟಾಮೆಟ್ರಿ (ವೋಲ್ಟೇಜ್ ಏರಿಸಿ ಇಳಿಸಿ ಕರೆಂಟ್ ಅಳೆಯುವುದು), ಚಾರ್ಜ್-ಡಿಸ್ಚಾರ್ಜ್, ಗ್ರಾಫ್ ಓದುವುದು, ಎಲ್ಲವನ್ನೂ ಅದರಲ್ಲೇ ಕಲಿಯಬಹುದು. ಹಾಗಂತ ಅಗ್ಗಕ್ಕೆ ಸಿಗುತ್ತೆ ಅಂತ ಲಿಥಿಯಂ ಪರ್‌ಕ್ಲೋರೇಟಿಗೆ ಹೋಗಬೇಡಿ. ಅದು ಫ್ಲೋರೈಡ್ ಬಿಡಲ್ಲ, ಆದರೆ ಬಲವಾದ ಆಕ್ಸಿಡೈಸರ್, ಅಂದರೆ ಬೇರೆ ವಸ್ತು ಉರಿಯೋಕೆ ಆಮ್ಲಜನಕ ಒದಗಿಸುವಂಥದ್ದು. ಸಾವಯವ ದ್ರಾವಕದ ಜೊತೆ ಬಿಸಿ ಮಾಡಿದರೆ, ಒಣಗಿಸಿದರೆ ಸ್ಫೋಟದ ಭಯ ಇದೆ.

ಜರ್ಮನಿಯವರದ್ದೆಲ್ಲ ಮೇಲು ಅಂತಲ್ಲ. ಅಲ್ಲಿ ಒಬ್ಬನೇ ಕೂತು ಅಪಾಯದ ಕೆಲಸ ಮಾಡಬಾರದು ಅಂತ ನಿಯಮ ಬರೆದು ಹಾಕಬೇಕು. ನಮ್ಮಲ್ಲಿ ಒಬ್ಬನನ್ನು ಒಂಟಿಯಾಗಿ ಬಿಡುವುದೇ ಇಲ್ಲ. ಒಬ್ಬನಿಗೆ ಏನಾದರೂ ಆದರೆ ಪಕ್ಕದ ಡಿಪಾರ್ಟ್‌ಮೆಂಟಿನವರೂ ಕೆಲಸ ಬಿಟ್ಟು ಬರುತ್ತಾರೆ, ಯಾರೋ ಬೈಕ್ ತೆಗೆಯುತ್ತಾರೆ, ಯಾರೋ ಆಸ್ಪತ್ರೆಯಲ್ಲಿ ರಾತ್ರಿ ಕೂರುತ್ತಾರೆ. ಇದು ದೊಡ್ಡ ಬಲ. ಆದರೆ ಓಡಿ ಬಂದವರು ಪೇಸ್ಟ್ ಹಚ್ಚು, ತೆಂಗಿನೆಣ್ಣೆ ಹಚ್ಚು ಅಂತ ಶುರು ಮಾಡಿದರೆ ಈ ಆಸಿಡ್ ತಾಗಿದಾಗ ನಡೆಯಲ್ಲ.

ಇಲ್ಲಿ ಬೇಕಾದ್ದು ಶೇ. 2.5ರ ಕ್ಯಾಲ್ಸಿಯಂ ಗ್ಲುಕೋನೇಟ್ ಜೆಲ್. ಬಟ್ಟೆ, ಗ್ಲೌಸ್ ಕಿತ್ತು ಹಾಕಿ ಹರಿಯುವ ನೀರಲ್ಲಿ 5 ನಿಮಿಷ ತೊಳೆಯಬೇಕು, ಕೂಡಲೇ ಜೆಲ್ ಹಚ್ಚಿ ತಿಕ್ಕುತ್ತಾ ಇರಬೇಕು, ತಿಕ್ಕುವವರೂ ಗ್ಲೌಸ್ ಹಾಕಿರಬೇಕು. ನೋವಿಲ್ಲದಿದ್ದರೂ ಆಸ್ಪತ್ರೆಗೆ ಹೋಗಬೇಕು. ಜೆಲ್ ಇಲ್ಲದಿದ್ದರೆ ಬಿಡದೆ ತೊಳೆಯುತ್ತಲೇ ಇರಬೇಕು. ಕಣ್ಣಿಗೆ ಜೆಲ್ ಹಾಕಬಾರದು, ಅಲ್ಲಿ ನೀರು ಮಾತ್ರ, ಆಮೇಲೆ ಡಾಕ್ಟರು. ಜೆಲ್ ಸಿಗಲ್ಲ ಅಂತ ಸುಮ್ನೆ ಕೂರಬೇಡಿ. ಶೇ. 10ರ ಕ್ಯಾಲ್ಸಿಯಂ ಗ್ಲುಕೋನೇಟ್ ಇಂಜೆಕ್ಷನ್ ಹೆರಿಗೆ ವಾರ್ಡುಗಳಲ್ಲಿ ಇಟ್ಟಿರುತ್ತಾರೆ, ಗರ್ಭಿಣಿಯರ ಫಿಟ್ಸಿಗೆ ಕೊಡುವ ಮೆಗ್ನೀಷಿಯಂ ಜಾಸ್ತಿಯಾದರೆ ಬೇಕಾಗುತ್ತದೆ ಅಂತ. ಅದರ 25 ಮಿ.ಲೀ.ಯನ್ನು ಆಸ್ಪತ್ರೆಯಲ್ಲಿ ಬಳಸುವ, ನೀರಲ್ಲಿ ಕರಗುವ 75 ಮಿ.ಲೀ. ಜೆಲ್ಲಿಗೆ ಕಲಸಿದರೆ ಸರಿಯಾಗಿ ಶೇ. 2.5 ಬರುತ್ತದೆ. ಬಾಟಲಿ ತೆರೆಯುವ ಮೊದಲೇ ತಾಲೂಕು ಆಸ್ಪತ್ರೆಯ ಡಾಕ್ಟರ ಹತ್ತಿರ ಹೋಗಿ, "ಇಂಥ ವಸ್ತು ನಮ್ಮ ಕಾಲೇಜಿಗೆ ಬಂದಿದೆ, ಇದಕ್ಕೆ ಔಷಧ ಇದು" ಅಂತ ಹೇಳಿ ಬನ್ನಿ.

ಇದನ್ನು ಒತ್ತಿ ಹೇಳೋಕೆ ಕಾರಣ ಇದೆ. ಉಲ್ಮ್‌ನಲ್ಲಿ ದೊಡ್ಡ ಆಸ್ಪತ್ರೆ ಊರಲ್ಲೇ ಇದೆ. ಶಿರಸಿಯವರಿಗೆ ಹುಬ್ಬಳ್ಳಿ ಸುಮಾರು 100 ಕಿ.ಮೀ., ಕಾರವಾರದವರಿಗೆ ಇನ್ನೂ ದೂರ. ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಕೊಡಿ ಅಂತ ಜಿಲ್ಲೆಯವರು ವರ್ಷಗಳಿಂದ ಕೂಗುತ್ತಿದ್ದಾರೆ. 2024ರ ಜುಲೈನಲ್ಲಿ ಅಂಕೋಲಾ ತಾಲೂಕಿನ ಶಿರೂರಿನ ಗುಡ್ಡ ಕುಸಿದು ಜೀವಗಳು ಹೋದವು, ಹೆದ್ದಾರಿಯೇ ಬಂದ್ ಆಯಿತು. ಇಂಥ ಜಿಲ್ಲೆಯಲ್ಲಿ ಔಷಧ ಲ್ಯಾಬಿನ ಕಪಾಟಿನಲ್ಲೇ ಇರಬೇಕು, ಎಕ್ಸ್‌ಪೈರಿ ದಿನಾಂಕ ನೋಡುವವರು ಒಬ್ಬರು ಇರಬೇಕು. ಜರ್ಮನಿಗಿಂತ ನಮಗೇ ಇದು ಜಾಸ್ತಿ ಬೇಕು.

ಗ್ಲೋವ್ ಬಾಕ್ಸ್ ಇದ್ದು ಈ ಉಪ್ಪನ್ನೇ ಬಳಸುತ್ತೀರಿ ಅಂತಾದರೂ ಕೆಲವು ಮಾತು. ಕರಗಿಸಿದ ದ್ರವವನ್ನು ಗಾಜಿನ ಸೀಸೆಯಲ್ಲಿ ಇಡಬೇಡಿ, ಹೈಡ್ರೋಫ್ಲೋರಿಕ್ ಆಸಿಡ್ ಗಾಜನ್ನೇ ತಿನ್ನುತ್ತದೆ, ಪ್ಲಾಸ್ಟಿಕ್ ಅಥವಾ ಅಲ್ಯೂಮಿನಿಯಂ ಬಾಟಲಿ ಆಗಬೇಕು. ತೆಳು ನೈಟ್ರೈಲ್ ಗ್ಲೌಸ್ ಒಂದನ್ನೇ ನಂಬಬೇಡಿ, ಮೇಲೆ ದಪ್ಪ ನಿಯೋಪ್ರೀನ್ ಇರಲಿ, ಹನಿ ಬಿದ್ದರೆ ಆಗಲೇ ಬದಲಿಸಿ. ಈ ಉಪ್ಪನ್ನು ಕರಗಿಸೋಕೆ ಬಳಸುವ ದ್ರಾವಕ ಡೈಮೀಥೈಲ್ ಕಾರ್ಬೊನೇಟ್ 18 ಡಿಗ್ರಿ ಆಸುಪಾಸಿನಲ್ಲೇ ಕಿಡಿ ತಾಗಿದರೆ ಹೊತ್ತುವಷ್ಟು ಆವಿ ಬಿಡುತ್ತದೆ, ನಮ್ಮ ಕರಾವಳಿಯಲ್ಲಿ ವರ್ಷದ ಯಾವ ಹಗಲೂ ಅದಕ್ಕಿಂತ ಬಿಸಿ. ಪುಡಿ ಚೆಲ್ಲಿದರೆ ಒದ್ದೆ ಬಟ್ಟೆಯಲ್ಲಿ ಒರೆಸಬೇಡಿ, ಒಣಗಿದ್ದಾಗಲೇ ಒಟ್ಟು ಮಾಡಿ ಪ್ಲಾಸ್ಟಿಕ್ ಡಬ್ಬಿಗೆ ಹಾಕಿ. ಆಸಿಡ್ ಆಗಿ ನೆಲಕ್ಕೆ ಬಿದ್ದಿದ್ದರೆ ಕ್ಯಾಲ್ಸಿಯಂ ಕಾರ್ಬೊನೇಟ್ ಪುಡಿ ಹಾಕಬಹುದು, ಅದು ಕರಗದ ಫ್ಲೋರೈಡ್ ಆಗಿ ಕೂರುತ್ತದೆ. ನೆಲಕ್ಕೆ ಮಾತ್ರ. ಮೈಗೆ ಸುಣ್ಣ ಹಚ್ಚಬೇಡಿ.

ಆ ಬಾಟಲಿ ಈಗಲೂ ಆ ಕಾಲೇಜಿನ ಕಪಾಟಿನಲ್ಲಿದೆಯಂತೆ. ದುಡ್ಡು ಕೊಟ್ಟು ತಂದದ್ದು, ಮುಂದಿನ ವರ್ಷದ ಹುಡುಗರಿಗೆ ಆಗುತ್ತೆ ಅಂತ ಇಟ್ಟಿದ್ದಾರೆ. ಒಂದು ಮಳೆಗಾಲದ ಗಾಳಿ ಕುಡಿದ ಬಾಟಲಿ ಅದು, ಪ್ರಯೋಗಕ್ಕೂ ಬಾರದು, ಇಟ್ಟುಕೊಳ್ಳೋಕೂ ಆಗದು. ಸಿಂಕಿಗೆ ಸುರಿಯುವ ಹಾಗಿಲ್ಲ, ಕಸಕ್ಕೆ ಎಸೆಯುವ ಹಾಗೂ ಇಲ್ಲ. ಮಾಲಿನ್ಯ ನಿಯಂತ್ರಣ ಮಂಡಳಿ ಪರವಾನಗಿ ಕೊಟ್ಟವರ ಕೈಗೇ ಒಪ್ಪಿಸಬೇಕು. ಮುಚ್ಚಳದ ಸುತ್ತ ತೇವ, ಬಿಳಿ ಕಟ್ಟಿದ್ದು ಕಂಡರೆ ತೆರೆದು ನೋಡಲು ಹೋಗದೆ, ಹಾಗೇ ಇನ್ನೊಂದು ಪ್ಲಾಸ್ಟಿಕ್ ಡಬ್ಬಿಯೊಳಗಿಟ್ಟು, ಮೇಲೆ ಕನ್ನಡದಲ್ಲೇ ದೊಡ್ಡದಾಗಿ ಹೆಸರು, ಅಪಾಯ ಎರಡೂ ಬರೆದು, ಈ ವಾರವೇ ಪ್ರಿನ್ಸಿಪಾಲರಿಂದ ಮಂಡಳಿಗೆ ಪತ್ರ ಬರೆಸಿ ಅಂತ ಅಕ್ಕನ ಮಗನ ಹತ್ತಿರ ಹೇಳಿ ಕಳಿಸಿದ್ದೇನೆ.