ದೊಡ್ಡಮ್ಮನ ಮೂರನೆಯ ಕೈ

ತೀರ್ಥಹಳ್ಳಿ ಕಡೆಯ ನಮ್ಮ ಹಿರಿಯರ ತೊಟ್ಟಿ ಮನೆಯಲ್ಲಿ ಬೆಳಕಿಗೂ ಕತ್ತಲೆಗೂ ಎಂದೋ ಹಿಸ್ಸೆಯಾಗಿಹೋಗಿದೆ. ನಡುವಿನ ತೊಟ್ಟಿಗೆ ಬೀಳುವ ಬಿಸಿಲು ಕಣ್ಣು ಕುಕ್ಕುತ್ತದೆ. ಅಲ್ಲಿಂದ ನಾಲ್ಕು ಹೆಜ್ಜೆ ಆಚೆಗಿನ ಜಗಲಿಯ ಮೂಲೆಯಲ್ಲಿ ಕುಳಿತವರು ಯಾರೆಂದು ತಿಳಿಯಬೇಕಾದರೆ ಅವರು ಒಮ್ಮೆ ಕೆಮ್ಮಬೇಕು. ಮನುಷ್ಯರ ಕಣ್ಣು ಈ ಎರಡಕ್ಕೂ ಹೇಗೋ ಹೊಂದಿಕೊಳ್ಳುತ್ತದೆಯಾದರೂ ಕ್ಯಾಮೆರಾ ಹೊಂದಿಕೊಳ್ಳುವುದಿಲ್ಲ. ಅದು ತೊಟ್ಟಿಯನ್ನು ಸರಿಯಾಗಿ ತೋರಿಸಿದರೆ ಜಗಲಿ ಇದ್ದಿಲಾಗುತ್ತದೆ, ಜಗಲಿಯನ್ನು ತೋರಿಸಿದರೆ ತೊಟ್ಟಿ ಸುಣ್ಣ ಬಳಿದ ಗೋಡೆಯಾಗುತ್ತದೆ. ಈ ಮನೆಯ ಸುತ್ತಣ 360 ಡಿಗ್ರಿ ನೋಟವನ್ನು ಒಂದೇ ಚಿತ್ರದಲ್ಲಿ ಹಿಡಿದು ದೊಡ್ಡಮ್ಮನಿಗೆ ಕೊಡಬೇಕೆಂಬ ಉತ್ಸಾಹ ಕಳೆದ ಅಡಿಕೆ ಕೊಯ್ಲಿನ ಸಮಯದಲ್ಲಿ ನನ್ನ ತಲೆಯನ್ನು ಹೊಕ್ಕಿತು.

ಉಪಾಯವೇನೋ ಸರಳವಾದದ್ದೇ. ಒಂದೊಂದು ದಿಕ್ಕಿಗೂ ಕ್ಯಾಮೆರಾ ತಿರುಗಿಸಿ, ಅಲ್ಲಲ್ಲಿಯೂ ಮೂರು ಎಕ್ಸ್‌ಪೋಷರ್‌ಗಳಲ್ಲಿ, ಅಂದರೆ ಬೆಳಕು ಒಳಬರಲು ಮೂರು ಬಗೆಯ ಅವಧಿ ಕೊಟ್ಟು, ಚಿತ್ರ ತೆಗೆಯುವುದು: ಸೆಕೆಂಡಿನ 30ನೇ ಒಂದು ಭಾಗದ್ದು ನಡುವಿನದು, 125ನೇ ಒಂದು ಭಾಗದ್ದು ಕಪ್ಪಾದದ್ದು, 8ನೇ ಒಂದು ಭಾಗದ್ದು ಬಿಳುಪಾದದ್ದು. ಬ್ರಾಕೆಟಿಂಗ್ ಎನ್ನುವುದು ಇದನ್ನೇ. ನನ್ನ ಬಳಿಯಿದ್ದ 18 ಮಿಲಿಮೀಟರ್ ಲೆನ್ಸಿನ ಕ್ಯಾಮೆರಾವನ್ನು ನೆಟ್ಟಗೆ ನಿಲ್ಲಿಸಿ ತೆಗೆದರೆ ಅಕ್ಕಪಕ್ಕದ ಚಿತ್ರಗಳು ಸಾಕಷ್ಟು ಒಂದರ ಮೇಲೊಂದು ಬೀಳಲು ಹನ್ನೆರಡು ದಿಕ್ಕುಗಳು ಬೇಕು. ಅಲ್ಲಿಗೆ ಒಟ್ಟು 36 ಚಿತ್ರಗಳು. ಉಳಿದ ಕೆಲಸವೆಲ್ಲ ಮುಕ್ತ ತಂತ್ರಾಂಶದ್ದು, ಅದಕ್ಕೆ ದುಡ್ಡೂ ಇಲ್ಲ ಎಂದು ನಾನು ಹಿಗ್ಗಿದ್ದೆ.

ತೊಡಕು ಬಂದದ್ದು ಮುಂಡಿಗೆಗಳಿಂದ. ಕ್ಯಾಮೆರಾವನ್ನು ಟ್ರೈಪಾಡಿನ ಮೇಲೆ ಸುಮ್ಮನೆ ತಿರುಗಿಸಿದರೆ ಹತ್ತಿರದ ಮುಂಡಿಗೆ ಹಿಂದಿನ ಗೋಡೆಯ ಮೇಲೆ ಜಾಗ ಬದಲಿಸುತ್ತದೆ. ಒಂದು ಚಿತ್ರದಲ್ಲಿ ಕ್ಯಾಲೆಂಡರಿನ ಬಲಕ್ಕಿದ್ದ ಕಂಬ ಇನ್ನೊಂದರಲ್ಲಿ ಎಡಕ್ಕೆ ಬಂದುಬಿಟ್ಟರೆ ಯಾವ ತಂತ್ರಾಂಶವೂ ಅವೆರಡನ್ನು ರಾಜಿ ಮಾಡಿಸಲಾರದು. ಇದನ್ನು ತಪ್ಪಿಸಬೇಕಾದರೆ ಟ್ರೈಪಾಡಿನ ತಿರುಪಿನ ಸುತ್ತ ತಿರುಗಿಸದೆ, ಲೆನ್ಸಿನೊಳಗೆ ಬೆಳಕು ಹೊಗುವ ಕಿಂಡಿ ಎಲ್ಲಿರುವಂತೆ ಕಾಣುತ್ತದೋ ಆ ಬಿಂದುವಿನ ಸುತ್ತ ತಿರುಗಿಸಬೇಕು. ಅದಕ್ಕೆಂದೇ ಮಾಡಿದ ಟ್ರೈಪಾಡಿನ ತಲೆಗಳು ಮಾರಾಟಕ್ಕಿವೆ. ಅವುಗಳ ಬೆಲೆ ಕೇಳಿದ ಮೇಲೆ ನಾನು ದಾರದ ಮೊರೆ ಹೊಕ್ಕೆ. ಲೆನ್ಸಿಗೆ ಒಂದು ದಾರ ಕಟ್ಟಿ, ತುದಿಗೆ ಭಾರದ ವಸ್ತುವೊಂದನ್ನು ಇಳಿಬಿಟ್ಟು, ನೆಲದ ಮೇಲೆ ರಂಗೋಲಿ ಪುಡಿಯ ಒಂದು ಚುಕ್ಕೆಯಿಟ್ಟು, ಪ್ರತಿಸಲ ತಿರುಗಿಸಿದಾಗಲೂ ಆ ಭಾರ ಚುಕ್ಕೆಯ ಮೇಲೆಯೇ ನಿಲ್ಲುವಂತೆ ಟ್ರೈಪಾಡನ್ನು ಸರಿಸಿಕೊಂಡರೆ ಸಾಕು. ಭಾರಕ್ಕೆ ಏನನ್ನು ಕಟ್ಟುವುದೆಂದು ಹುಡುಕುವಾಗ ಮೊಳೆಗೆ ನೇತುಹಾಕಿದ್ದ ಉಗ್ರಾಣದ ಬೀಗದ ಕೈ ಕಣ್ಣಿಗೆ ಬಿತ್ತು. ಗೇಣುದ್ದದ ಹಳೆಯ ಕಬ್ಬಿಣ. ಅದಕ್ಕಿಂತ ಯೋಗ್ಯವಾದದ್ದು ಆ ಮನೆಯಲ್ಲಿ ಇನ್ನೊಂದಿರಲಿಲ್ಲ.

ನೇತಾಡುವ ವಸ್ತುವಿನ ಬಗ್ಗೆ ಮನೆಯ ಬೆಕ್ಕಿಗಿರುವ ಅಭಿಪ್ರಾಯವನ್ನು ನಾನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಮೂರನೆಯ ದಿಕ್ಕಿಗೆ ಬರುವಷ್ಟರಲ್ಲಿ ಅದು ಬೀಗದ ಕೈಯನ್ನು ಎರಡು ಬಾರಿ ಹೊಡೆದು, ರಂಗೋಲಿಯ ಚುಕ್ಕೆಯನ್ನು ಬಾಲದಿಂದ ಒರೆಸಿ, ಸಾವಕಾಶವಾಗಿ ತೊಟ್ಟಿಗಿಳಿದು ಮಲಗಿತು. ಆರನೆಯ ದಿಕ್ಕಿನಲ್ಲಿ, ಎರಡು ಸೆಕೆಂಡಿನ ಟೈಮರ್ ಇಟ್ಟು ನಾನು ಮುಂಡಿಗೆಯ ಮರೆಗೆ ಸರಿದ ಹೊತ್ತಿಗೆ ಸರಿಯಾಗಿ, ದೊಡ್ಡಮ್ಮ ಚೌಕಟ್ಟಿನೊಳಗೆ ಬಂದು ಕೈ ಬೀಸುತ್ತ ಕೇಳಿದರು: “ಉಗ್ರಾಣದ ಬೀಗದ ಕೈ ಕಂಡ್ಯೇನೋ ತಮ್ಮಾ?” ಮೂರು ಚಿತ್ರಗಳ ಕ್ಲಿಕ್ಕು ಮುಗಿಯುವ ತನಕ ಕಾದು, ಚುಕ್ಕೆಯಿಂದ ಭಾರ ಕದಲಿದರೆ ಬೆಳಗಿನ ಶ್ರಮವೆಲ್ಲ ವ್ಯರ್ಥವೆಂಬ ಒಂದೇ ಯೋಚನೆಯಲ್ಲಿ, “ಇಲ್ಲ ದೊಡ್ಡಮ್ಮಾ” ಎಂದೆ. ಆ ದಿನ ಮಧ್ಯಾಹ್ನದ ಊಟಕ್ಕೆ ಅಕ್ಕಿ ತೆಗೆಯಲು ಆಳನ್ನು ಕರೆಸಿ ಬೀಗ ಒಡೆಸಿದರು. ನಾನು ಸಂಜೆ ಯಾರೂ ಇಲ್ಲದಾಗ ಬೀಗದ ಕೈಯನ್ನು ಮೊಳೆಯ ಕೆಳಗೆ, ತಾನೇ ಬಿದ್ದಿತ್ತೆನ್ನುವಂತೆ, ಇಟ್ಟುಬಂದೆ.

ಚಿತ್ರಗಳನ್ನು ಜೋಡಿಸುವ ತಂತ್ರಾಂಶದ ಹೆಸರು ಹ್ಯೂಗಿನ್. ನಾರ್ಸ್ ಪುರಾಣದಲ್ಲಿ ಓಡಿನ್ ದೇವನ ಎರಡು ಕಾಗೆಗಳಲ್ಲಿ ಒಂದಕ್ಕೆ ಇದೇ ಹೆಸರು, ಅದರ ಅರ್ಥ ಆಲೋಚನೆ. ಇನ್ನೊಂದು ಮುನಿನ್, ಅದರ ಅರ್ಥ ನೆನಪು. ನನ್ನ ಹಳೆಯ ಲ್ಯಾಪ್‌ಟಾಪಿಗೆ ಅಗತ್ಯವಾಗಿ ಬೇಕಾಗಿದ್ದದ್ದು ಎರಡನೆಯ ಕಾಗೆ. 24 ಮೆಗಾಪಿಕ್ಸೆಲಿನ ಒಂದು ಚಿತ್ರವನ್ನು ಮೂರು ಬಣ್ಣಗಳಿಗೂ 16 ಬಿಟ್‌ನಂತೆ ಬಿಚ್ಚಿದರೆ 144 ಮೆಗಾಬೈಟ್ ಆಗುತ್ತದೆ, 36 ಸೇರಿದರೆ ಐದು ಗಿಗಾಬೈಟ್ ದಾಟುತ್ತದೆ. ಯಂತ್ರದಲ್ಲಿದ್ದ ನೆನಪು ನಾಲ್ಕು. ಮೊದಲ ರಾತ್ರಿ ಅದು ಫ್ಯಾನನ್ನು ಗಿರಗಿರನೆ ತಿರುಗಿಸಿ, ಡಿಸ್ಕಿನಲ್ಲಿ ಜಾಗವಿಲ್ಲವೆಂದು ಹೇಳಿ ಮಲಗಿಬಿಟ್ಟಿತು.

ಎರಡನೆಯ ರಾತ್ರಿ ಅಡಿಕೆಯ ಸರದಿ. ಪಕ್ಕಪಕ್ಕದ ಚಿತ್ರಗಳನ್ನು ಹೊಂದಿಸಲು ಹ್ಯೂಗಿನ್ ಎರಡರಲ್ಲಿಯೂ ಒಂದೇ ರೀತಿ ಕಾಣುವ ಬಿಂದುಗಳನ್ನು ತಾನೇ ಹುಡುಕಿ ಜೋಡಿ ಮಾಡುತ್ತದೆ. ತೊಟ್ಟಿಯಲ್ಲಿ ಬಿದಿರಿನ ತಟ್ಟಿಯ ಮೇಲೆ ಅಡಿಕೆ ಹರವಿತ್ತು, ಮೇಲೆ ಮಂಗಳೂರು ಹೆಂಚಿನ ಸಾಲು. ಒಂದು ಅಡಿಕೆಗೂ ಇನ್ನೊಂದು ಅಡಿಕೆಗೂ ಇರುವ ವ್ಯತ್ಯಾಸವನ್ನು ಮಂಡಿಯ ದಲ್ಲಾಳಿ ಬಲ್ಲನೇ ಹೊರತು ತಂತ್ರಾಂಶ ಬಲ್ಲದೆ? ಈ ಚಿತ್ರದ ಮೂಡಣದ ಅಡಿಕೆಯನ್ನು ಆ ಚಿತ್ರದ ಪಡುವಣದ ಅಡಿಕೆಗೆ ಗಂಟುಹಾಕಿ, ಜಗಲಿಯನ್ನು ಹಾವಿನಂತೆ ಬಳುಕಿಸಿ, ದೇವರ ಕೋಣೆಯನ್ನು ಬಚ್ಚಲಿನ ಮೇಲೆ ಕೂರಿಸಿತು. ತಪ್ಪು ಜೋಡಿಗಳನ್ನು ಒಂದೊಂದಾಗಿ ಅಳಿಸಿ, ಮುಂಡಿಗೆಗಳು ನೆಟ್ಟಗಿವೆಯೆಂದು ಅದಕ್ಕೆ ಲಂಬರೇಖೆಗಳನ್ನು ಗುರುತುಮಾಡಿ ತಿಳಿಸಿಕೊಟ್ಟಾಗ ಕೋಳಿ ಕೂಗಿತ್ತು.

ಇನ್ನುಳಿದದ್ದು ಬೆಸುಗೆ. ಅದಕ್ಕೆ ಹ್ಯೂಗಿನ್ ಎರಡು ಸಹಾಯಕ ತಂತ್ರಾಂಶಗಳನ್ನು ಕರೆಯುತ್ತದೆ. ಒಂದೇ ದಿಕ್ಕಿನ ಮೂರು ಎಕ್ಸ್‌ಪೋಷರ್‌ಗಳನ್ನು ಒಂದಾಗಿಸುವುದು ಎನ್‌ಫ್ಯೂಸ್, ಹಾಗೆ ಒಂದಾದ ಹನ್ನೆರಡನ್ನು ಹೊಲಿಗೆ ಕಾಣದಂತೆ ಕೂಡಿಸುವುದು ಎನ್‌ಬ್ಲೆಂಡ್. ಎನ್‌ಬ್ಲೆಂಡಿನ ಹಿಂದಿರುವುದು ಬರ್ಟ್ ಮತ್ತು ಆಡೆಲ್ಸನ್ ಎಂಬ ಸಂಶೋಧಕರು 1983ರಲ್ಲಿ ಪ್ರಕಟಿಸಿದ ವಿಧಾನ: ದೊಡ್ಡ ದೊಡ್ಡ ಛಾಯೆಗಳನ್ನು ಅಗಲವಾದ ಪಟ್ಟಿಯಲ್ಲಿ ನಿಧಾನವಾಗಿ ಕರಗಿಸುವುದು, ಸಣ್ಣ ವಿವರಗಳನ್ನು ಕಿರಿದಾದ ಅಂಚಿನಲ್ಲಿಯೇ ಬದಲಿಸುವುದು. ಎನ್‌ಫ್ಯೂಸ್ 2007ರಲ್ಲಿ ಮರ್ಟೆನ್ಸ್, ಕಾಟ್ಜ್ ಮತ್ತು ವಾನ್ ರೀತ್ ತೋರಿಸಿದ ದಾರಿಯದು. ಮೂರು ಚಿತ್ರಗಳ ಪ್ರತಿಯೊಂದು ಬಿಂದುವಿಗೂ ಅದು ಅಂಕ ಕೊಡುತ್ತದೆ. ತೀರ ಕಪ್ಪೂ ಅಲ್ಲದ ತೀರ ಬಿಳುಪೂ ಅಲ್ಲದ ಬಿಂದುವಿಗೆ ಹೆಚ್ಚು ಅಂಕ, ಬಣ್ಣ ಗಾಢವಾಗಿದ್ದರೆ ಇನ್ನಷ್ಟು. ಹೆಚ್ಚು ಅಂಕ ಬಂದದ್ದು ಅಂತಿಮ ಚಿತ್ರದಲ್ಲಿ ಹೆಚ್ಚು ಕಾಣಿಸುತ್ತದೆ. ಈ ನ್ಯಾಯದಲ್ಲಿ ಲೋಪವೇನೂ ಇಲ್ಲ, ಮನೆಯವರು ಕದಲದಿದ್ದರೆ.

ದೊಡ್ಡಮ್ಮ ಕೈ ಬೀಸಿದ್ದರಲ್ಲ! ಕಪ್ಪಾದ ಚಿತ್ರದಲ್ಲಿ ಅವರ ಕೈ ತೊಟ್ಟಿಯ ಬಿಸಿಲಿಗೆ ಚಾಚಿತ್ತು. ಅಲ್ಲಿ ಅದಕ್ಕೇ ಹೆಚ್ಚು ಅಂಕ. ಬಿಳುಪಾದ ಚಿತ್ರದಲ್ಲಿ ಅದೇ ಕೈ ಜಗಲಿಯ ಕತ್ತಲೆಯ ಕಡೆಗೆ ತಿರುಗಿತ್ತು. ಅಲ್ಲಿಯೂ ಅದಕ್ಕೇ ಹೆಚ್ಚು ಅಂಕ. ಸೊಂಟದ ಮೇಲಿದ್ದ ಎಡಗೈ ಹೇಗೂ ಇದ್ದೇ ಇತ್ತು. ಹೀಗೆ ಯಾರಿಗೂ ಅನ್ಯಾಯವಾಗದಂತೆ ತಂತ್ರಾಂಶವು ದೊಡ್ಡಮ್ಮನಿಗೆ ಮೂರು ಕೈಗಳನ್ನೂ ಹದಿನೆಂಟು ಬಳೆಗಳನ್ನೂ ದಯಪಾಲಿಸಿತ್ತು. ದೊಡ್ಡಪ್ಪ ಎರಡನೆಯ ದಿಕ್ಕಿನಲ್ಲಿ ಪೇಪರ್ ಓದುತ್ತಿದ್ದವರು ಒಂಬತ್ತನೆಯದಕ್ಕೆ ಎದ್ದುಹೋಗಿ ಎಲೆ ಅಡಿಕೆಯ ತಟ್ಟೆಯ ಮುಂದೆ ಕುಳಿತಿದ್ದರಿಂದ ಎರಡು ಕಡೆಯೂ ಅಖಂಡವಾಗಿಯೇ ಇದ್ದರು. ಹಿಸ್ಸೆಯಲ್ಲಿ ತಮಗೆ ಎರಡು ಪಾಲು ಬರಬೇಕೆಂಬುದಕ್ಕೆ ಇದೇ ದಾಖಲೆಯೆಂದು ಅವರು ಸಂತೋಷಪಟ್ಟರು.

ಇದಕ್ಕೆ ಮದ್ದು ಇಲ್ಲದಿಲ್ಲ. ಬೇಡವಾದ ಭಾಗದ ಸುತ್ತ ಗೆರೆ ಎಳೆದು ಇದನ್ನು ಲೆಕ್ಕಕ್ಕೆ ಹಿಡಿಯಬೇಡವೆಂದು ಹ್ಯೂಗಿನ್‌ಗೆ ಹೇಳಬಹುದು. ಮೂರನೆಯ ರಾತ್ರಿ, ಎರಡು ಚಿತ್ರಗಳಲ್ಲಿ ದೊಡ್ಡಮ್ಮನನ್ನು ಮರೆಮಾಡಿ ನಡುವಿನದರಲ್ಲಿ ಮಾತ್ರ ಉಳಿಸಿದೆ. ಕೈಗಳೇನೋ ಎರಡಾದವು, ಆದರೆ ಒಂದೇ ಎಕ್ಸ್‌ಪೋಷರ್ ಉಳಿದ ಕಾರಣ ಅವರ ಹಿಂದಿನ ಬಿಸಿಲು ಬೆಂಕಿ ಬಿದ್ದಂತೆ ಬೆಳ್ಳಗಾಯಿತು. ಎರಡೂ ಚಿತ್ರಗಳನ್ನು ಅವರ ಮುಂದಿಟ್ಟು ಯಾವುದು ಬೇಕೆಂದು ಕೇಳಿದೆ. “ಎರಡು ಕೈಯಲ್ಲಿ ಮುಗಿಯೋ ಕೆಲಸ ಅಲ್ಲ ಈ ಮನೇದು. ಮೂರನೇದು ಇರಲಿ ಬಿಡು” ಎಂದರು.

ಆರಡಿ ಉದ್ದಕ್ಕೆ ಅಚ್ಚು ಹಾಕಿಸಿ ಜಗಲಿಯ ಗೋಡೆಗೆ ತೂಗುಹಾಕಿದೆವು. ತೊಟ್ಟಿಯ ಅಡಿಕೆಯನ್ನು ಎಣಿಸಬಹುದಿತ್ತು, ಕತ್ತಲೆಯ ಮೂಲೆಯ ಕನ್ನಡಿ ಬೀರುವಿನ ಕೆತ್ತನೆಯೂ ತಿಳಿಯಾಗಿತ್ತು. ನಡುವಿನ ಎಕ್ಸ್‌ಪೋಷರಿನಲ್ಲಿ ಆ ಮೂಲೆ ಬರೀ ಮಸಿ. ಬಿಳುಪಾದ ಚಿತ್ರದಿಂದ ಎನ್‌ಫ್ಯೂಸ್ ಅದನ್ನು ಎಷ್ಟು ಚೆನ್ನಾಗಿ ಎತ್ತಿ ತಂದಿದೆಯೆಂದು ನಾನು ನೆರೆದವರಿಗೆಲ್ಲ ವಿವರಿಸುತ್ತಿದ್ದೆ. ದೊಡ್ಡಮ್ಮ ಕನ್ನಡಕ ಏರಿಸಿಕೊಂಡು ಬೀರುವಿನ ಹತ್ತಿರಕ್ಕೆ ಬಗ್ಗಿದರು. ಅದರ ಆಳೆತ್ತರದ ಕನ್ನಡಿಯಲ್ಲಿ ಟ್ರೈಪಾಡು ಒಂಟಿಯಾಗಿ ನಿಂತಿತ್ತು. ನಾನು ಮುಂಡಿಗೆಯ ಮರೆಯಲ್ಲಿದ್ದವನು ಅದರಲ್ಲಿ ಕಾಣಿಸುತ್ತಿರಲಿಲ್ಲ. ಕಾಣಿಸುತ್ತಿದ್ದದ್ದು ದಾರ.

“ಇದೇನೋ ತಮ್ಮಾ, ಇಲ್ಲಿ ನೇತಾಡ್ತಾ ಇರೋದು?” ಎಂದರು ದೊಡ್ಡಮ್ಮ.